ಸುವರ್ಣಮ್ಮನಿಗೆ ನೆನಪಿಲ್ಲದ ಹುಡುಗಿ

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುವ ಎರ್ರಿಯಪ್ಪನಿಗೆ ಒಬ್ಬಳೇ ಮಗಳು, ಗಂಗೋತ್ರಿ. ಅವಳು ಹುಟ್ಟಿದ್ದು ಸಂಡೂರು ತಾಲೂಕಿನ ಚೋರನೂರಿನಲ್ಲಿ. ಮೂರು ವರ್ಷದವಳಿದ್ದಾಗ ಅಪ್ಪ ಅವ್ವ ಕಂಪ್ಲಿಗೆ ಬಂದರು. ಬಂದ ಮೊದಲ ವಾರದಲ್ಲೇ ಹುಡುಗಿ ಮೂರು ಸಲ ಕಳೆದುಹೋದಳು. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಳು, ಒಮ್ಮೆ ಕಾಲುವೆ ದಂಡೆಯ ಮೇಲೆ, ಇನ್ನೊಮ್ಮೆ ಗಿರಣಿಯ ತೌಡಿನ ರಾಶಿಯ ಹಿಂದೆ ನಿದ್ದೆ ಹೋಗಿದ್ದಳು.

ಶಾಲೆಗೆ ಸೇರಿದ ಮೇಲೂ ಅದೇ ಪಾಡು. ಪಾಠದ ನಡುವೆ ಎದ್ದು ಕಿಟಕಿಗೆ ಹೋಗಿ ನಿಲ್ಲುವಳು. ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳುವಳು, ಉತ್ತರ ಸರಿಯೇ ಇರುತ್ತಿತ್ತು. ಪರೀಕ್ಷೆಯಲ್ಲಿ ಮಾತ್ರ ಹಾಳೆಯ ಹಿಂಬದಿಯಲ್ಲೂ ಪ್ರಶ್ನೆ ಇದೆ ಎಂಬುದನ್ನು ನೋಡದೆ ಎದ್ದು ಬರುವಳು. ಚಪ್ಪಲಿ ಕಳೆಯುವಳು, ಅದೂ ಒಂದೊಂದೇ. ಅವ್ವ ಉಚ್ಚೆಂಗಮ್ಮ ಓಣಿಯವರ ಮುಂದೆ ನಗುತ್ತಾ ಹೇಳುತ್ತಿದ್ದಳು: "ಇಕಿ ತಲಿಯಾಗ ಯಾರೋ ಮಿಲ್ಲು ಚಾಲೂ ಮಾಡಿ ಬಂದ್ ಮಾಡೋದು ಮರ್ತು ಹೋಗ್ಯಾರ ನೋಡ್ರಿ."

ಆದರೂ ಹುಡುಗಿ ಚುರುಕು. ಹತ್ತನೇ ತರಗತಿಯಲ್ಲಿ ಶಾಲೆಗೇ ಎರಡನೆಯವಳಾಗಿ ಪಾಸಾದಳು. ಹೊಸಪೇಟೆಯ ಹೊರವಲಯದ ಖಾಸಗಿ ವಸತಿ ಕಾಲೇಜಿನವರು ಊರೂರು ತಿರುಗಿ ಜಾಣ ಮಕ್ಕಳಿಗೆ ಉಚಿತ ಸೀಟು ಕೊಡುತ್ತಿದ್ದರು. ಗಂಗೋತ್ರಿಗೂ ಒಂದು ಸಿಕ್ಕಿತು. ಅದು ಎರಡು ಸಾವಿರದ ಹದಿನೈದನೇ ಇಸವಿ. ಎರ್ರಿಯಪ್ಪ ತಾನೇ ಟ್ರಂಕು ಹೊತ್ತು ಹಾಸ್ಟೆಲಿನ ಬಾಗಿಲವರೆಗೆ ಬಂದು, ವಾರ್ಡನ್ ಸುವರ್ಣಮ್ಮನಿಗೆ ಎರಡೂ ಕೈ ಮುಗಿದು, "ಸ್ವಲ್ಪ ಗಾಳಿ ಐತ್ರಿ ಇಕಿಗೆ, ಬುದ್ಧಿ ಹೇಳಿ ನೋಡಿಕೊಳ್ರಿ ಮೇಡಂ" ಎಂದ.

"ಚಿಂತಿ ಮಾಡಬ್ಯಾಡ್ರಿ," ಎಂದಳು ಸುವರ್ಣಮ್ಮ. "ಇಲ್ಲಿಗೆ ಬಂದ ಎಂಥಾ ಗಾಳಿನೂ ನಿಂತೈತಿ."

ಸುವರ್ಣಮ್ಮ ಗಟ್ಟಿಯಾಗಿ ಮಾತನಾಡಿದ್ದನ್ನು ಯಾರೂ ಕೇಳಿರಲಿಲ್ಲ. ಯಾವ ಹುಡುಗಿಯ ಮೇಲೂ ಕೈ ಎತ್ತುತ್ತಿರಲಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ, ಮೆಲುದನಿ, ಎಲ್ಲರಿಗೂ "ಅವ್ವಾ" ಎಂಬ ಮಾತು. ಪಾಲಕರಿಗೆ ಆಕೆಯೆಂದರೆ ಭಾಳ ಗೌರವ. ಆಕೆಯ ಶಿಸ್ತು ನಡೆಯುತ್ತಿದ್ದದ್ದು ತಕ್ಕಡಿ ಮತ್ತು ತಟ್ಟೆಯ ಮೇಲೆ. ಭಾನುವಾರ ಬೆಳಿಗ್ಗೆ ಏಳಕ್ಕೆ ನೂರಾ ನಲವತ್ತು ಹುಡುಗಿಯರು ಊಟದ ಕೋಣೆಯ ಮುಂದೆ ಸಾಲಾಗಿ ನಿಂತು ತೂಕದ ಯಂತ್ರ ಹತ್ತಬೇಕು. ತೂಕ ಹೆಸರಿನ ಎದುರು ಬೋರ್ಡಿನ ಮೇಲೆ ಬರುತ್ತಿತ್ತು, ಪಕ್ಕದಲ್ಲೇ ಹಿಂದಿನ ವಾರದ ಪರೀಕ್ಷೆಯ ಅಂಕ. ಅಂಕದಲ್ಲಿ ಕೊನೆಯ ಇಪ್ಪತ್ತು ಹುಡುಗಿಯರಿಗೆ ಆ ವಾರವಿಡೀ 'ಹಗುರ ಊಟ': ಒಂದು ಚಪಾತಿ, ಒಂದು ಲೋಟ ಮಜ್ಜಿಗೆ. "ಭಾಳ ಉಂಡ್ರ ತೂಕಡಿಕಿ ಬರ್ತೈತವ್ವಾ, ನಿಮ್ಮ ಒಳ್ಳೇದಕ್ಕ" ಎನ್ನುತ್ತಿದ್ದಳು ಸುವರ್ಣಮ್ಮ.

ಗಂಗೋತ್ರಿ ವಾರವಾರವೂ ಆ ಇಪ್ಪತ್ತರಲ್ಲಿ ಒಬ್ಬಳು. ಗೋಡೆಗೆ ಮುಖ ಮಾಡಿ ನಾಲ್ಕು ತಾಸು ಮಿಸುಕದೆ ಓದಬೇಕಿತ್ತು, ಅದು ಅವಳ ಕೈಲಾಗದ ಕೆಲಸ. ಒಂದೇ ಸಾಲನ್ನು ಇಪ್ಪತ್ತು ಸಲ ಓದಿದರೂ ಅಕ್ಷರಗಳು ಕಣ್ಣಿನಿಂದ ಜಾರುತ್ತಿದ್ದವು. ಕಾಲು ತಾನಾಗಿ ಅಲುಗಾಡುತ್ತಿತ್ತು. ಹಸಿದ ಹೊಟ್ಟೆಗೆ ಓದು ಇನ್ನಷ್ಟು ಹತ್ತದಾಯಿತು. ಓದು ಹತ್ತದೆ ಅಂಕ ಕುಸಿಯಿತು, ಅಂಕ ಕುಸಿದು ಊಟ ಮತ್ತೆ ಕಡಿಮೆಯಾಯಿತು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಪರೀಕ್ಷೆಗೆ ಕೂತಿದ್ದಾಗ ಅವಳು ನೀರು ಕುಡಿಯಲೆಂದು ಎದ್ದು ಬಂದಳು. ಅಡುಗೆಮನೆಯ ಪಕ್ಕದ ಉಗ್ರಾಣದ ಬಾಗಿಲು ತೆರೆದಿತ್ತು. ಮಂಡಕ್ಕಿ ಚೀಲ, ಬೆಲ್ಲದ ಅಚ್ಚು, ಬೆಳಗಿನ ತಣ್ಣನ್ನ. ಹಸಿವು ನಾಲ್ಕು ತುತ್ತಿಗೇ ತೀರಿತು. ಆದರೆ ಕೈ ನಿಲ್ಲಲಿಲ್ಲ. ರುಚಿಯಿಲ್ಲ, ಬೇಕೆಂಬುದಿಲ್ಲ, ಸಾಕೆಂಬುದೂ ಇಲ್ಲ. ಹೊಟ್ಟೆ ಕಲ್ಲಿನಂತಾದಾಗ ಎಚ್ಚರವಾಗಿ, ಹಿತ್ತಲಿಗೆ ಹೋಗಿ ಎಲ್ಲವನ್ನೂ ಕಾರಿಕೊಂಡು, ಮುಖ ತೊಳೆದು, ಪರೀಕ್ಷೆಗೆ ಬಂದು ಕೂತಳು. ಇನ್ನೊಮ್ಮೆ ಹೀಗೆ ಮಾಡುವುದಿಲ್ಲ ಎಂದು ಆಣೆ ಇಟ್ಟುಕೊಂಡಳು. ಆಣೆ ಮುಂದಿನ ಭಾನುವಾರದವರೆಗೂ ಉಳಿಯಲಿಲ್ಲ. ಐದನೇ ಸಲ ಸಿಕ್ಕಿಬಿದ್ದಳು.

ಸುವರ್ಣಮ್ಮ ಬೈಯಲಿಲ್ಲ. ಊಟದ ಸ್ಟೀಲ್ ತಟ್ಟೆಯೊಂದರ ಅಂಚಿಗೆ ತೂತು ಮಾಡಿಸಿ, ದಾರ ಪೋಣಿಸಿ, ಮಾರ್ಕರಿನಿಂದ 'ಅನ್ನಗಳ್ಳಿ' ಎಂದು ದುಂಡಗೆ ಬರೆದು ಹುಡುಗಿಯ ಕೊರಳಿಗೆ ಹಾಕಿದಳು. ಮೂರು ದಿನ, ಮೂರೂ ಹೊತ್ತು, ಊಟದ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದಳು. ಮೊದಲ ದಿನವೇ ಒಂದು ಫೋಟೊ ತೆಗೆಸಿ 'ಶಿಸ್ತು ಕ್ರಮ' ಎಂದು ಬರೆದು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದಳು.

ಎರ್ರಿಯಪ್ಪನ ಹತ್ತಿರ ಅಂಥ ಫೋನ್ ಇರಲಿಲ್ಲ. ಗಿರಣಿಯ ಗುಮಾಸ್ತನ ನಂಬರು ಕೊಟ್ಟಿದ್ದ. ಗುಮಾಸ್ತ ಮೂರನೇ ದಿನ ಫೋಟೊ ನೋಡಿ, ಚೀಲ ಹೊರುತ್ತಿದ್ದವನನ್ನು ಕರೆದು ತೋರಿಸಿದ. ಸುತ್ತಲಿನ ಹಮಾಲರೂ ಬಗ್ಗಿ ನೋಡಿದರು. ಹಗಲೆಲ್ಲ ಹೆಗಲ ಮೇಲೆ ಅಕ್ಕಿ ಹೊರುವ ಮನುಷ್ಯ, ಅವನ ಮಗಳ ಕೊರಳಲ್ಲಿ ಅಂಥ ಮಾತು. ಅವನು ಹೆಗಲ ಟವೆಲ್ಲು ಕೊಡವಿ ನೇರ ಹೊಸಪೇಟೆಯ ಬಸ್ ಹತ್ತಿದ. ಮಗಳನ್ನು ಕರೆದುಕೊಂಡು ಹಿಂತಿರುಗುವಾಗ ಬುಕ್ಕಸಾಗರ ದಾಟಿದ ಮೇಲೆ ಕಿಟಕಿಯ ಆಚೆ ನೋಡುತ್ತಲೇ ಕೇಳಿದ: "ನಾ ನಿನಗ ಯಾವತ್ತಾರ ಉಪವಾಸ ಇಟ್ಟಿದ್ದೆನೇನವ್ವಾ?"

ಮುಂದೆ ಹಲವು ವರ್ಷ ಸುವರ್ಣಮ್ಮನನ್ನು ನೆನೆದಾಗಲೆಲ್ಲ ಅವಳಿಗೆ ಮೊದಲು ಕೇಳಿಸುತ್ತಿದ್ದದ್ದು ಅಪ್ಪನ ಆ ಪ್ರಶ್ನೆ.

ಡಾಕ್ಟರಾಗಬೇಕೆಂದು ಹಾಸ್ಟೆಲಿಗೆ ಹೋದವಳ ಆಸೆ ಅಲ್ಲಿಗೆ ಮುಗಿಯಿತು. ಎರಡು ವರ್ಷ ಮನೆಯಲ್ಲಿ ಕೂತು, ಖಾಸಗಿಯಾಗಿ ಪಿಯುಸಿ ಕಟ್ಟಿ, ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಮುಗಿಸಿ, ಹೊಸಪೇಟೆಯ ರಕ್ತಪರೀಕ್ಷೆಯ ಲ್ಯಾಬೊಂದಕ್ಕೆ ಸೇರಿದಳು. ಮನೆ ಮನೆಗೆ ಹೋಗಿ ರಕ್ತ ತರುವ ಕೆಲಸ. ಕೂತಲ್ಲಿ ಕೂರಬೇಕಾಗಿಲ್ಲದ ಆ ಕೆಲಸ ಅವಳಿಗೆ ಒಗ್ಗಿತು. ಪೆನ್ನು ಕಳೆಯುತ್ತದೆಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವಳು, ವಿಳಾಸಗಳನ್ನು ಅಂಗೈ ಮೇಲೆ ಬರೆದುಕೊಳ್ಳುವಳು. ಆದರೆ ಹೊಟ್ಟೆಯ ಕಾಟ ಬಿಟ್ಟಿರಲಿಲ್ಲ. ವಾರಗಟ್ಟಲೆ ಸುಮ್ಮನಿದ್ದು, ಯಾರೋ ಒಂದು ಮಾತು ಆಡಿದ ದಿನ ಬಾಗಿಲು ಹಾಕಿಕೊಂಡು ತಿನ್ನುವುದು, ಕಾರುವುದು. ಕಾರಿದ ಹುಳಿಗೆ ಹಲ್ಲು ಸವೆದವು. ತಾನು ಹುಟ್ಟಾ ಕಳ್ಳಿಯೇ ಇರಬೇಕು ಎಂದು ನಂಬಿದ್ದಳು. ಸುವರ್ಣಮ್ಮನನ್ನು ದ್ವೇಷಿಸುತ್ತಿದ್ದಳು ನಿಜ, ಆದರೆ ಆ ತಟ್ಟೆಯ ಮೇಲಿನ ಬರಹ ಸುಳ್ಳು ಎನ್ನುವ ಧೈರ್ಯ ಮಾತ್ರ ಅವಳಿಗೆ ಇರಲಿಲ್ಲ.

ಆ ಧೈರ್ಯ ಬಂದದ್ದು ಒಂದು ಪ್ರಶ್ನಾವಳಿಯಿಂದ.

ಎರಡು ವರ್ಷಗಳ ಹಿಂದೆ ನಾಗಭೂಷಣ ಎಂಬ ಮನೋವೈದ್ಯರು ಹೊಸಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದು ಅಧ್ಯಯನವೊಂದನ್ನು ಶುರು ಮಾಡಿದರು. ಹೊಸಪೇಟೆ, ಸಂಡೂರು, ಕಂಪ್ಲಿಯ ಹಾಸ್ಟೆಲು ಕಾಲೇಜುಗಳ ಮಕ್ಕಳಲ್ಲಿ ಉಣ್ಣುವ ತೊಂದರೆಗೂ ಗಮನ ನಿಲ್ಲದ ತೊಂದರೆಗೂ ಏನು ನಂಟು ಎಂದು ನೋಡುವುದು ಅವರ ಕೆಲಸ. ರಕ್ತ ತೆಗೆಯಲು ಬರುವ, ಊರಿನ ಮಾತಾಡುವ ಹೆಣ್ಣುಮಗಳೊಬ್ಬಳು ಬೇಕಿತ್ತು. ಲ್ಯಾಬಿನವರು ಗಂಗೋತ್ರಿಯ ಹೆಸರು ಹೇಳಿದರು.

ತರಬೇತಿಯ ಮೊದಲ ದಿನ ಅವಳ ಕೈಗೆ ಆರು ಪುಟದ ಹಾಳೆ ಬಂತು. 'ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದೆ ತಿಂದದ್ದುಂಟೆ? ತಿಂದದ್ದನ್ನು ಬೇಕೆಂದೇ ಹೊರಹಾಕಿದ್ದುಂಟೆ? ಕೂತ ಜಾಗದಿಂದ ಎದ್ದು ಹೋಗಬೇಕೆನಿಸುತ್ತದೆಯೆ? ವಸ್ತುಗಳನ್ನು ಪದೇ ಪದೇ ಕಳೆದುಕೊಳ್ಳುತ್ತೀರಾ?' ಓದುತ್ತಾ ಹೋದಂತೆ, ತನ್ನನ್ನು ಯಾರೋ ಚಿಕ್ಕಂದಿನಿಂದ ಹಿಂಬಾಲಿಸಿ ಬರೆದಂತಿತ್ತು.

"ಸರ್, ಇದು ಮತ್ತು ಇದು," ಎಂದು ಎರಡು ಪುಟಗಳ ಮೇಲೆ ಬೆರಳಿಟ್ಟಳು, "ಒಂದ ಹುಡುಗಿಗೆ ಇರ್ತಾವೇನ್ರಿ?"

"ಇರಬಹುದಮ್ಮ. ಗಮನ ನಿಲ್ಲದ, ತಡಕೊಳ್ಳೋದು ಕಷ್ಟ ಆಗೋ ಮಕ್ಕಳಲ್ಲಿ ಈ ಉಣ್ಣೋ ತೊಂದರೆ ಉಳಿದವರಿಗಿಂತ ಹೆಚ್ಚು ಕಾಣ್ತದೆ ಅಂತ ಬೇರೆ ಕಡೆಯ ಅಧ್ಯಯನಗಳು ಹೇಳ್ತವೆ. ಮೊದಲು ಹಸಿವೆಯಲ್ಲಿ ಇಡ್ತಾರೆ ಅಥವಾ ತಾವೇ ಇರ್ತಾರೆ, ಆಮೇಲೆ ತಡಕೊಳ್ಳೋಕಾಗಲ್ಲ. ಎಲ್ಲರಲ್ಲೂ ಅಲ್ಲ. ನಮ್ಮ ಕಡೆ ಹೇಗೆ ಅನ್ನೋದೇ ಈಗ ನೋಡಬೇಕು."

"ಅದು ಕಳ್ಳತನ ಅಲ್ಲಾ?"

"ಅಲ್ಲ. ಕಾಯಿಲೆ. ಚಿಕಿತ್ಸೆ ಇದೆ."

ಇದನ್ನು ಕೇಳಿ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹತ್ತು ವರ್ಷ ತನ್ನ ಮೇಲೆಯೇ ತಿರುಗಿಕೊಂಡಿದ್ದ ಸಿಟ್ಟು ಅವತ್ತು ಮೊದಲ ಸಲ ಸರಿಯಾದ ದಿಕ್ಕಿಗೆ ತಿರುಗಿತು. ಸಾಯಂಕಾಲ ಕೋಣೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಒಂದೇ ಮಾತು: ಆಕಿನ್ನ ಬಿಡಬಾರದು.

ಅಧ್ಯಯನದ ಪಟ್ಟಿಯಲ್ಲಿ ಆ ವಸತಿ ಕಾಲೇಜಿನ ಹೆಸರೂ ಇತ್ತು. ಯಾವ ಸಂಸ್ಥೆಯ ಜೊತೆಗಾದರೂ ಹಳೆಯ ಸಂಬಂಧವಿದ್ದರೆ ಮೊದಲೇ ಹೇಳಬೇಕು ಎಂಬುದು ನಿಯಮ. ಅವಳು ಹೇಳಲಿಲ್ಲ. ಯಾವ ಕೆಲಸದಲ್ಲೂ ಗಳಿಗೆ ಹೊತ್ತು ನಿಲ್ಲದ ಅವಳ ಮನಸ್ಸು ಇದೊಂದರ ಮೇಲೆ ಮಾತ್ರ ತಿಂಗಳುಗಟ್ಟಲೆ ಗೂಟ ಹೊಡೆದಂತೆ ನಿಂತಿತು. ಅದನ್ನು ಕಂಡು ಅವಳಿಗೇ ಆಶ್ಚರ್ಯವಾಯಿತು.

ಹತ್ತು ವರ್ಷದ ಮೇಲೆ ಆ ಗೇಟು ದಾಟಿ ಒಳಗೆ ಹೋದಾಗ ಸುವರ್ಣಮ್ಮ ಎದ್ದು ನಿಂತು ನಗುತ್ತಾ ಸ್ವಾಗತಿಸಿದಳು. ಕೂದಲು ಹಣ್ಣಾಗಿತ್ತು, ಸೀರೆಯ ಗಂಜಿ ಹಾಗೇ ಇತ್ತು. "ಬರ್ರಿ, ಕುಂದ್ರಿ. ಚಾ ತಗೋತೀರೇನವ್ವಾ?"

ಗಂಗೋತ್ರಿ ಆ ಕಣ್ಣುಗಳನ್ನು ನೇರ ನೋಡಿದಳು. ಗುರುತಿನ ಎಳೆಯೂ ಅಲ್ಲಿರಲಿಲ್ಲ. ಕೊರಳಿಗೆ ಹಾಕಿದ್ದ ಗುರುತಿನ ಚೀಟಿಯಲ್ಲಿ ಹೆಸರು ದಪ್ಪಗೆ ಇತ್ತು. ಸುವರ್ಣಮ್ಮ ಅದನ್ನು ಓದಿ, "ಗಂಗೋತ್ರಿ. ಚಂದ ಹೆಸರು" ಎಂದಳು. ಇವಳನ್ನು ಕಂಡು ಆಕೆ ಹೆದರಬಹುದು, ತಡವರಿಸಬಹುದು, ಇಲ್ಲವೆ ಗದರಿಸಬಹುದು ಎಂದು ಗಂಗೋತ್ರಿ ನೂರು ಬಗೆಯಲ್ಲಿ ಎಣಿಸಿಕೊಂಡಿದ್ದಳು. ಆಕೆ ಮರೆತಿರಬಹುದು ಎಂಬುದೊಂದನ್ನು ಮಾತ್ರ ಎಣಿಸಿರಲಿಲ್ಲ. ತನ್ನ ಇಡೀ ಬದುಕಿನ ಮೇಲೆ ಕೂತಿದ್ದ ಆ ಮೂರು ದಿನಗಳು ಇನ್ನೊಬ್ಬಳಿಗೆ ನೆನಪಿನಲ್ಲಿಡುವಷ್ಟೂ ದೊಡ್ಡವಾಗಿರಲಿಲ್ಲ.

"ನಮ್ಮ ಹುಡುಗೇರಿಗೆ ಅಂಥಾ ರೋಗ ಏನೂ ಇಲ್ರಿ," ಎಂದು ಸುವರ್ಣಮ್ಮ ಚಹಾದ ಲೋಟ ಮುಂದಿಟ್ಟಳು. "ಶಿಸ್ತು ಇದ್ದಲ್ಲಿ ರೋಗ ಬರಂಗಿಲ್ಲ."

ನಲವತ್ತು ಹುಡುಗಿಯರನ್ನು ಮಾತಾಡಿಸಬೇಕಿತ್ತು. ಎಲ್ಲರದ್ದೂ ಒಂದೇ ಉತ್ತರ: ಊಟ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ, ಓದು ಚೆನ್ನಾಗಿದೆ. ಯಾರೋ ಬಾಯಿಪಾಠ ಮಾಡಿಸಿದ್ದರು. ಮೂರನೇ ದಿನ ಸಂಡೂರು ಕಡೆಯ ಹೇಮಾ ಎಂಬ ಹುಡುಗಿ ಬಂದು ಕೂತಳು. ಹದಿನಾರು ವರ್ಷ, ತೆಳ್ಳಗೆ, ಕುರ್ಚಿಯ ತುದಿಯಲ್ಲಿ ಕಾಲು ಅಲುಗಾಡಿಸುತ್ತಾ. ಉತ್ತರವೆಲ್ಲ ಉಳಿದವರಂತೆಯೇ ಒಪ್ಪಿಸಿದಳು. ರಕ್ತ ತೆಗೆಯಲೆಂದು ತೋಳು ಹಿಡಿದಾಗ ಗಂಗೋತ್ರಿಗೆ ಅದು ಕೋಲು ಹಿಡಿದಂತಾಯಿತು.

"ಭಾನುವಾರ ಈಗೂ ತೂಕ ಮಾಡ್ತಾರೇನು?" ಎಂದು ಮೆಲ್ಲಗೆ ಕೇಳಿದಳು. ಅದು ಪ್ರಶ್ನಾವಳಿಯಲ್ಲಿ ಇರಲಿಲ್ಲ.

ಹುಡುಗಿಯ ಕಾಲು ನಿಂತಿತು. "ನಿಮಗೆಂಗ ಗೊತ್ತಕ್ಕಾ?"

"ಹಗುರ ಊಟಾನೂ ಐತೇನು?"

ಹೇಮಾ ಬಾಗಿಲ ಕಡೆ ನೋಡಿದಳು. ಆಮೇಲೆ ಒಮ್ಮೆಗೇ ಅಳಲು ಶುರು ಮಾಡಿದಳು. ಸದ್ದಿಲ್ಲದ ಅಳು. ಅಲ್ಲಿ ಬೇರೆ ಬಗೆಯ ಅಳುವಿಗೆ ಅವಕಾಶವಿರಲಿಲ್ಲ. ತಿಂಗಳುಗಳಿಂದ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಮೆಟ್ಟಿಲು ಹತ್ತುವಾಗ ಎರಡು ಸಲ ಬಿದ್ದಿದ್ದೇನೆ, ಮನೆಯಲ್ಲಿ ಹೇಳಿದರೆ ಸೀಟು ಹೋಗುತ್ತದೆ ಎಂದು ಹೇಳಿದಳು.

ಮಗುವಿನ ಜೀವಕ್ಕೆ ಅಪಾಯ ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಬೇಕು ಎಂಬುದೂ ನಿಯಮ. ಗಂಗೋತ್ರಿ ತಿಳಿಸಿದಳು. ನಾಗಭೂಷಣ ಅವತ್ತೇ ಬಂದು, ಹುಡುಗಿಯನ್ನು ನೋಡಿ, ತಂದೆ ತಾಯಿಯನ್ನು ಕರೆಸಿ, ಆಸ್ಪತ್ರೆಗೆ ಸೇರಿಸಿದರು. ಆದರೆ ಹಾಸ್ಟೆಲಿನ ಹೆಸರು ಹಿಡಿದು ದೂರು ಕೊಡಿ ಎಂದು ಗಂಗೋತ್ರಿ ಕೇಳಿದಾಗ ತಲೆ ಅಲ್ಲಾಡಿಸಿದರು. "ಈ ಮಕ್ಕಳು ನಮ್ಮನ್ನ ನಂಬಿ ಹೇಳಿದ್ದು. ಅವರು ಹೇಳಿದ್ದು ಈ ಹಾಳೆಯಿಂದ ಹೊರಗೆ ಹೋಗಬಾರದು. ಹೇಮಾಳ ಮನೆಯವರು ಬೇಕಾದರೆ ಕೊಡಲಿ."

ಹೇಮಾಳ ಮನೆಯವರು ಕೊಡಲಿಲ್ಲ. ಮದುವೆಯಾಗಬೇಕಾದ ಹುಡುಗಿ, ಹುಚ್ಚಿನ ಡಾಕ್ಟರ ಹತ್ತಿರ ಹೋಗಿದ್ದಳು ಎಂದಾಗಬಾರದು ಎಂದರು.

ಆ ದಿನ ಹೇಮಾಳ ಆರು ಪುಟಗಳು ಗಂಗೋತ್ರಿಯ ಚೀಲದಲ್ಲೇ ಇದ್ದವು. ಮಕ್ಕಳ ಕಲ್ಯಾಣ ಸಮಿತಿಯ ಕಚೇರಿ ಹೊಸಪೇಟೆಯಲ್ಲೇ ಇತ್ತು. ಹೋಗಿ ಮೇಜಿನ ಮೇಲೆ ಇಟ್ಟರೆ ಸಾಕಿತ್ತು. ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಅವಳು ಒಂದು ತಾಸು ಕೂತಳು. ಕೊನೆಗೆ ಹಾಳೆಗಳನ್ನು ಒಯ್ದು ನಾಗಭೂಷಣರಿಗೆ ಕೊಟ್ಟಳು. ಒಳ್ಳೆಯತನದಿಂದ ಕೊಟ್ಟದ್ದಲ್ಲ. ಹೇಮಾಳ ಹೆಸರಿನಿಂದ ಸುವರ್ಣಮ್ಮ ಬಿದ್ದರೆ ಅದು ಹೇಮಾಳ ಸೇಡಾಗುತ್ತದೆ. ಇವಳಿಗೆ ತನ್ನದು ಬೇಕಿತ್ತು.

ಕೊಟ್ಟ ಕೈಯಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು: ಹಾಸ್ಟೆಲು, ತಟ್ಟೆ, ಹತ್ತು ವರ್ಷ, ಮುಚ್ಚಿಟ್ಟ ಸಂಬಂಧ.

"ನಿಮ್ಮ ಸಿಟ್ಟು ಸರಿ," ಎಂದರು ನಾಗಭೂಷಣ. "ಆದರೆ ಆ ನಲವತ್ತು ಸಂದರ್ಶನ ಈಗ ನನಗೆ ಉಪಯೋಗಕ್ಕೆ ಬರೋದಿಲ್ಲ. ಪ್ರಶ್ನೆ ಕೇಳುವವರಿಗೆ ಉತ್ತರ ಮೊದಲೇ ಗೊತ್ತಿತ್ತು ಅಂತಾಗುತ್ತೆ. ನಿಮ್ಮನ್ನ ಈ ಕೆಲಸದಲ್ಲಿ ಇಟ್ಟುಕೊಳ್ಳೋಕಾಗಲ್ಲ. ರೋಗಿಯಾಗಿ ಮಾತ್ರ ಬರಬೇಕು. ಮುಂದಿನ ಸೋಮವಾರ ಬನ್ನಿ, ತಪ್ಪಿಸಬೇಡಿ."

ಕೆಲಸ ಹೋಯಿತು. ಅವಳು ಮತ್ತೆ ಲ್ಯಾಬಿಗೆ ಸೇರಿದಳು. ಸೋಮವಾರ ಚಿಕಿತ್ಸೆಗೆ ಹೋಗುವಳು, ರಜೆಯ ದಿನ ಬೇಟೆಗೆ ಹೊರಡುವಳು. ಬೇಟೆ ಎಂದರೆ ಆ ಹಾಸ್ಟೆಲಿನಲ್ಲಿ ಓದಿ ಹೋದ ಹೆಣ್ಣುಮಕ್ಕಳನ್ನು ಹುಡುಕುವುದು. ಹಿಂದಿದ್ದವರು, ಮುಂದಿದ್ದವರು, ಕಳೆದ ವರ್ಷ ಬಿಟ್ಟವರು. ಕಮಲಾಪುರ, ಕಂಪ್ಲಿ, ಸಂಡೂರು ಎಂದು ಸ್ಕೂಟರ್ ಓಡಿಸಿದಳು. ಎಷ್ಟೋ ಬಾಗಿಲು ಮುಚ್ಚಿದವು. ಬುಕ್ಕಸಾಗರದಲ್ಲಿ ಒಬ್ಬಳು ಗದ್ದೆಯ ಬದುವಿನ ಮೇಲೇ ನಿಂತು, "ನಮ್ಮನಿಯವ್ರಿಗೆ ಇದೆಲ್ಲ ಗೊತ್ತಿಲ್ಲ, ಹೋಗಕ್ಕಾ ನಿನ್ನ ಕಾಲಿಗೆ ಬೀಳ್ತೀನಿ" ಎಂದು ಕಳಿಸಿದಳು.

ಸಂಡೂರಿನಲ್ಲಿ ಲಲಿತಾ ಸಿಕ್ಕಳು. ಅದೇ ವರ್ಷ ಹಾಸ್ಟೆಲಿಗೆ ಸೇರಿದವಳು, ಪಕ್ಕದ ಮಂಚದವಳು. ಅದಿರಿನ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಕಚೇರಿಯಲ್ಲಿ ಕೆಲಸ. ಗಂಗೋತ್ರಿಯನ್ನು ಕಂಡ ಕೂಡಲೇ ಅವಳು ಕೈಯಲ್ಲಿದ್ದ ಚೀಟಿ ಕೆಳಗಿಟ್ಟು ಹೊರಗೆ ಬಂದಳು. ಕೆಂಪು ಧೂಳು ಕೂತ ಬೆಂಚಿನ ಮೇಲೆ ಇಬ್ಬರೂ ಕೂತರು.

"ನೀ ಬಾಗ್ಲಾಗ ನಿಂತಾಗ ನಾ ನಕ್ಕಿದ್ದೆ," ಎಂದಳು ಲಲಿತಾ. "ನಿನಗ ನೆನಪೈತಿ ಅಲ್ಲಾ?"

"ಐತಿ."

"ನಗದಿದ್ರ ಮುಂದಿನ ಪಾಳಿ ನಂದು ಅಂತ ಅಂಜಿಕಿ. ಆಮ್ಯಾಲೆ ನಾ ಉಣ್ಣೋದ ಬಿಟ್ಟೆ. ಕೂದ್ಲು ಉದುರಿತು, ವರ್ಷಗಟ್ಟಲೆ ಮುಟ್ಟು ನಿಂತಿತ್ತು. ಈಗೂ ಮಗಳ ತಟ್ಟಿಗೆ ಹಾಕುವಾಗ ತುತ್ತು ಎಣಸ್ತೀನಿ." ಅವಳು ಫೋನ್ ತೆಗೆದು ಬಹಳ ಹೊತ್ತು ಹುಡುಕಿ ಒಂದು ಚಿತ್ರ ತೆರೆದಳು. "ನಮ್ಮಪ್ಪನ ಫೋನಿಗೆ ಬಂದಿತ್ತು. ಅಳಸಾಕ ಆಗ್ಲಿಲ್ಲ. ಯಾಕಂತ ಕೇಳಬ್ಯಾಡ."

ಆ ಫೋಟೊವನ್ನು ಗಂಗೋತ್ರಿ ಅಲ್ಲಿಯವರೆಗೆ ನೋಡಿರಲಿಲ್ಲ. ತಾನು ಇಷ್ಟು ಚಿಕ್ಕವಳಿದ್ದೆನೇ ಎನಿಸಿತು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೊರಳಲ್ಲಿ ತಟ್ಟೆ, ಹಿಂದೆ ಬಾಯಿ ಮುಚ್ಚಿ ನಗುವ ಹುಡುಗಿಯರು. ಚಿತ್ರದ ಅಂಚಿನಲ್ಲಿ ಇಸ್ತ್ರಿಯ ಸೀರೆ, ಬಳೆ ತೊಟ್ಟ ಒಂದು ಕೈ. ಅಕ್ಷರ ಸರಿಯಾಗಿ ಕಾಣಲೆಂದು ಆ ಕೈ ತಟ್ಟೆಯನ್ನು ನೆಟ್ಟಗೆ ಮಾಡುತ್ತಿತ್ತು.

"ನನಗ ಕಳಸು," ಎಂದಳು ಗಂಗೋತ್ರಿ. "ಮತ್ತ ದೂರಿಗೆ ಸಹಿ ಮಾಡು."

ಲಲಿತಾ ಸಹಿ ಮಾಡಿದಳು. ಅವಳ ಹಿಂದೆ ಇನ್ನೂ ಎಂಟು ಜನ. ಒಂಬತ್ತು ತಿಂಗಳು ಹಿಡಿಯಿತು.

ದೂರು ಕೊಟ್ಟಾಗ ಸಮಿತಿಯ ಅಧ್ಯಕ್ಷೆ, ನಡುವಯಸ್ಸಿನ ಹೆಂಗಸು, ಕನ್ನಡಕದ ಮೇಲಿಂದ ನೋಡಿ ಕೇಳಿದರು: "ನಿಮ್ಮದು ಹತ್ತು ವರ್ಷದ ಹಿಂದಿನ ಮಾತು. ಈಗಲೂ ನಡೀತೈತಿ ಅಂತ ಹೆಂಗ ಹೇಳ್ತೀರಿ?"

"ಭಾನುವಾರ ಮುಂಜಾನಿ ಏಳಕ್ಕ ಹೋಗ್ರಿ ಮೇಡಂ. ಹೇಳದ ಹೋಗ್ರಿ."

ಅವರು ಹೋದರು. ಸಾಲು ನಿಂತಿತ್ತು, ಬೋರ್ಡಿನ ಮೇಲೆ ಹೆಸರುಗಳಿದ್ದವು, ತೂಕಗಳಿದ್ದವು. ಹಗುರ ಊಟದ ಇಪ್ಪತ್ತು ಹೆಸರುಗಳನ್ನು ಸುವರ್ಣಮ್ಮ ತನ್ನ ದುಂಡು ಅಕ್ಷರದಲ್ಲೇ ಬರೆದು ಅಡಿಗೆರೆ ಎಳೆದಿದ್ದಳು.

ವಿಚಾರಣೆಯ ದಿನ ಒಂಬತ್ತು ಹೆಣ್ಣುಮಕ್ಕಳೂ ಬಂದಿದ್ದರು. ಸುವರ್ಣಮ್ಮ ಕೈಯಲ್ಲಿ ಫೈಲು ಹಿಡಿದು ಬಂದಳು, ಡಾಕ್ಟರು ಎಂಜಿನಿಯರುಗಳಾದ ಹುಡುಗಿಯರ ಫೋಟೊಗಳ ಫೈಲು. ತನ್ನ ಮೆಲುದನಿಯಲ್ಲೇ ಹೇಳಿದಳು: "ಸಾವಿರಾರು ಹುಡುಗೇರು ನನ್ನ ಕೈಯಾಗ ಬೆಳದಾರ. ಇವರು ಓದಾಕ ಆಗಲಾರದವರು, ಈಗ ನನ್ನ ಮ್ಯಾಲೆ ಹಾಕ್ತಾರ. ಈ ಗಂಗೋತ್ರಿ ಅಂಬಾಕಿ ಯಾರು ಅಂತನೂ ನನಗ ನೆನಪಿಲ್ಲ."

ಗಂಗೋತ್ರಿ ಎದ್ದು ಹೋಗಿ ಫೋಟೊವನ್ನು ದೊಡ್ಡದಾಗಿ ಮುದ್ರಿಸಿದ ಹಾಳೆಯನ್ನು ಅವಳ ಫೈಲಿನ ಮೇಲೆ ಇಟ್ಟಳು.

"ನನ್ನ ನೆನಪಿಲ್ಲಂದ್ರ ಬಿಡ್ರಿ. ಈ ಕೈ ಯಾರ್ದು ಹೇಳ್ರಿ."

ಸುವರ್ಣಮ್ಮ ನೋಡಿದಳು. ಫೈಲಿನ ಮೇಲಿದ್ದ ಅವಳ ಕೈಯಲ್ಲಿ ಅದೇ ಬಳೆಗಳಿದ್ದವು. ಅವಳು ಮೆಲ್ಲಗೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಕೋಣೆಯಲ್ಲಿದ್ದವರೆಲ್ಲ ಅದನ್ನು ನೋಡಿದರು. ಗಂಗೋತ್ರಿಗೆ ಆ ಗಳಿಗೆಯಲ್ಲಿ ಆದ ಸಂತೋಷಕ್ಕೆ ನಾಚಿಕೆಯೇನೂ ಆಗಲಿಲ್ಲ. ಎಷ್ಟೋ ವರ್ಷದ ಮೇಲೆ ಎದೆ ತುಂಬ ಉಸಿರಾಡಿದಂತಾಯಿತು.

ಆಡಳಿತ ಮಂಡಳಿ ಸುವರ್ಣಮ್ಮನನ್ನು ಕೆಲಸದಿಂದ ತೆಗೆಯಿತು. ಮಕ್ಕಳಿರುವ ಯಾವ ಹಾಸ್ಟೆಲಿಗೂ ಅವಳನ್ನು ನೇಮಿಸಬಾರದೆಂದು ಸಮಿತಿ ಬರೆಯಿತು. ತೂಕದ ಸಾಲು ನಿಂತಿತು. ಮತ್ತೇನು ಬೇಕು ಎಂದು ಅಧ್ಯಕ್ಷೆ ಕೇಳಿದಾಗ ಗಂಗೋತ್ರಿ, "ಫೋಟೊ ಎಲ್ಲಿ ಹಾಕಿದ್ರೋ ಅಲ್ಲೇ ತಪ್ಪಾತು ಅಂತ ಬರೀಬೇಕು" ಎಂದಳು. ಆ ಹಳೆಯ ವಾಟ್ಸಾಪ್ ಗುಂಪು ಹಾಗೇ ಇತ್ತು. ಹಬ್ಬದ ಶುಭಾಶಯ ಬಿಟ್ಟರೆ ಅದರಲ್ಲಿ ಯಾರೂ ಏನೂ ಹಾಕುತ್ತಿರಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಅದರಲ್ಲಿ ಸುವರ್ಣಮ್ಮನ ನಾಲ್ಕು ಸಾಲು ಬಂತು. 'ಕಂಪ್ಲಿಯ ಎರ್ರಿಯಪ್ಪನವರ ಮಗಳು ಗಂಗೋತ್ರಿ ಕಳ್ಳಿಯಲ್ಲ. ಅವಳನ್ನು ಹಸಿವಿನಲ್ಲಿಟ್ಟದ್ದು ನಾನು.' ಈ ಮಾತುಗಳನ್ನು ಗಂಗೋತ್ರಿಯೇ ಬರೆದುಕೊಟ್ಟಿದ್ದಳು. ಒಂದು ಅಕ್ಷರವನ್ನೂ ಬದಲಿಸಲು ಬಿಟ್ಟಿರಲಿಲ್ಲ.

ಗುಮಾಸ್ತ ಅದನ್ನು ನೋಡಿ ಎರ್ರಿಯಪ್ಪನನ್ನು ಕರೆದು ಓದಿ ಹೇಳಿದ. ಅವನು ತಲೆಯ ಮೇಲಿನ ಟವೆಲ್ಲು ತೆಗೆದು, ಸುತ್ತಲಿದ್ದವರನ್ನೆಲ್ಲ ನೋಡಿ, "ಇನ್ನೊಂದು ಸಲ ಓದ್ರಿ, ಎಲ್ಲಾರಿಗೂ ಕೇಳಂಗ ಓದ್ರಿ" ಎಂದನಂತೆ. ಸಾಯಂಕಾಲ ಮಗಳಿಗೆ ಫೋನ್ ಮಾಡಿ ಆ ವಿಷಯ ಎತ್ತಲೇ ಇಲ್ಲ. ಉಂಡೆಯಾ ಎಂದು ಕೇಳಿದ. ಅವತ್ತು ಅವಳು ಉಂಡಿದ್ದಳು.

ಕಾಯಿಲೆ ಪೂರ್ತಿ ಹೋಗಿಲ್ಲ. ಔಷಧಿಯಿಂದ ಗಮನ ಒಂದಿಷ್ಟು ನಿಲ್ಲುತ್ತದೆ. ತಿಂಗಳಿಗೊಮ್ಮೆ ಎರಡು ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಳ್ಳುವ ದಿನ ಈಗಲೂ ಬರುತ್ತದೆ, ಆಗ ನಾಗಭೂಷಣರ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾಳೆ. ಅವರ ಅಧ್ಯಯನ ಮುಗಿಯಿತು. ಆ ನಲವತ್ತು ಹುಡುಗಿಯರನ್ನು ಬೇರೊಬ್ಬರು ಹೊಸದಾಗಿ ಮಾತಾಡಿಸಿದರು. ಸುವರ್ಣಮ್ಮ ಇಲ್ಲದ ಹಾಸ್ಟೆಲಿನಲ್ಲಿ ಬೇರೆಯೇ ಉತ್ತರಗಳು ಬಂದವಂತೆ.

ಈ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಲ್ಯಾಬಿನಿಂದ ಬಂದ ವಿಳಾಸಗಳಲ್ಲಿ ಸುವರ್ಣಮ್ಮನ ಮನೆಯೂ ಇತ್ತು. ಸಕ್ಕರೆ ಕಾಯಿಲೆ, ಖಾಲಿ ಹೊಟ್ಟೆಯ ರಕ್ತ, ಆರೂವರೆಗೆ ಬರಬೇಕು. ಗಂಗೋತ್ರಿ ಉಳಿದ ಎಲ್ಲ ಮನೆಗಳನ್ನೂ ಮೊದಲು ಮುಗಿಸಿದಳು. ಎಂಟಕ್ಕೆ ಆ ಓಣಿಯ ತಿರುವಿನ ಹೋಟೆಲಿನಲ್ಲಿ ಕೂತು ಎರಡು ಇಡ್ಲಿಯನ್ನು ನಿಧಾನವಾಗಿ ತಿಂದಳು. ಲ್ಯಾಬಿನವರು ಎರಡು ಸಲ ಫೋನ್ ಮಾಡಿ, ಪೇಶಂಟು ಹಸಿದು ಕೂತಿದ್ದಾರೆ ಎಂದರು. "ಟ್ರಾಫಿಕ್ ಐತ್ರಿ" ಎಂದಳು. ಒಂಬತ್ತಕ್ಕೆ ಬಾಗಿಲು ತಟ್ಟಿದಳು.

ಸುವರ್ಣಮ್ಮ ಬಾಗಿಲು ತೆರೆದು ಅಲ್ಲೇ ನಿಂತಳು. ಈ ಸಲ ಗುರುತು ಹಿಡಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ.

"ಬ್ಯಾರೆ ಯಾರನ್ನಾರ ಕಳಸಾಕ ಹೇಳ್ರಿ," ಎಂದಳು.

"ಈ ಕಡೆ ನಾನೊಬ್ಬಾಕಿನ ಬರೋದು ಮೇಡಂ. ಕುಂದ್ರಿ."

ತೋಳಿಗೆ ಪಟ್ಟಿ ಬಿಗಿದು, ಹತ್ತಿಯಿಂದ ಒರೆಸಿ, ಒಂದೇ ಚುಚ್ಚಿಗೆ ನರ ಹಿಡಿದಳು. ಹೊಸಪೇಟೆಯಲ್ಲಿ ಅವಳಷ್ಟು ನೋಯಿಸದೆ ರಕ್ತ ತೆಗೆಯುವವರು ಕಡಿಮೆ. ನಳಿಕೆ ತುಂಬುತ್ತಿರುವಾಗ ಸುವರ್ಣಮ್ಮ ಮುಖ ತಿರುಗಿಸಿಕೊಂಡೇ ಕೇಳಿದಳು: "ನನ್ನ ಕೆಲಸ ಹೋತು, ಮರ್ಯಾದಿ ಹೋತು. ನಿನಗಿನ್ನೂ ಸಿಟ್ಟು ಹೋಗಿಲ್ಲೇನವ್ವಾ?"

"ಇಲ್ರಿ."

ಗಂಗೋತ್ರಿ ಸೂಜಿ ತೆಗೆದು, ಹತ್ತಿ ಒತ್ತಿ, ನಳಿಕೆಯ ಮೇಲೆ ಹೆಸರು ಬರೆದಳು. "ನಾಷ್ಟಾ ಮಾಡ್ರಿ. ಎರಡು ತಾಸಿನ ಮ್ಯಾಲೆ ಇನ್ನೊಮ್ಮೆ ರಕ್ತ ತಗೀಬೇಕು, ನಾನ ಬರ್ತೀನಿ" ಎಂದು ಹೇಳಿ, ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದು ಸ್ಕೂಟರ್ ಚಾಲೂ ಮಾಡಿದಳು.